ಆಮ್ಲದ ಗುರುತು, ನ್ಯಾಯದ ಸಾಕ್ಷ್ಯ

ವಿಷವೆಂಬ ಮಾತಿನೊಡನೆ ಗುಟ್ಟೆಂಬ ಭಾವನೆಯೂ ನಮ್ಮ ಮನಸ್ಸಿನಲ್ಲಿ ಬೆಸೆದುಕೊಂಡಿದೆ. ಪಾಯಸದಲ್ಲಿ ಕದಡಿದ ಪಾಷಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಉಂಡವನು ಅರಿಯನು, ಬಡಿಸಿದವನು ನುಡಿಯನು. ಖನಿಜಾಮ್ಲಗಳ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಗಂಧಕಾಮ್ಲ, ನೈಟ್ರಿಕಾಮ್ಲ, ಹೈಡ್ರೋಕ್ಲೋರಿಕಾಮ್ಲ ಎಂಬ ಈ ಮೂರೂ ತಾವು ಮುಟ್ಟಿದ ತಾಣದಲ್ಲೆಲ್ಲ ಬರೆ ಎಳೆದೇ ಮುಂದೆ ಸಾಗುತ್ತವೆ. ತುಟಿ, ನಾಲಗೆ, ಗಂಟಲು, ಉಟ್ಟ ಬಟ್ಟೆ, ಕುಳಿತ ನೆಲ, ಎಲ್ಲದರ ಮೇಲೂ ತಮ್ಮ ಹೆಸರನ್ನು ಬರೆದಿಟ್ಟು ಹೋಗುತ್ತವೆ.

ಹಾಗಿದ್ದ ಮೇಲೆ ಆಮ್ಲದಿಂದಾದ ಮರಣವನ್ನು ಕಂಡುಹಿಡಿಯಲು ಕಣ್ಣೊಂದೇ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು ಎಂಬುದೇ ನ್ಯಾಯವೈದ್ಯಕ ವಿಷವಿಜ್ಞಾನದ ಇನ್ನೂರು ವರ್ಷಗಳ ಇತಿಹಾಸ ಕಲಿಸಿರುವ ಪಾಠ. ಕಣ್ಣಿಗೆ ಕಾಣುವ ಗುರುತು ಒಂದು, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ ಇನ್ನೊಂದು. ಗುರುತನ್ನೇ ಸಾಕ್ಷ್ಯವೆಂದು ಬಗೆದರೆ ನಿರಪರಾಧಿ ಗಲ್ಲಿಗೇರಬಹುದು, ಅಪರಾಧಿ ತಲೆಯೆತ್ತಿ ಮನೆಗೆ ಹೋಗಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವ ಹಾದಿಯನ್ನು ಶಾಸ್ತ್ರಜ್ಞರು ಹೇಗೆ ಕಡಿದರೆಂಬುದನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ನಮ್ಮ ಹಿರಿಯರ ವಿಷಪರೀಕ್ಷೆ

ಸಂಶಯಾಸ್ಪದ ಮರಣವನ್ನು ಪರೀಕ್ಷಿಸಬೇಕೆಂಬ ಆಲೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ 'ಆಶುಮೃತಕ ಪರೀಕ್ಷೆ' ಎಂಬ ಪ್ರಕರಣವಿದೆ. ಹಠಾತ್ತನೆ ಸತ್ತವನ ದೇಹಕ್ಕೆ ಎಣ್ಣೆ ಹಚ್ಚಿ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಕೈಕಾಲು, ಹಲ್ಲು, ಉಗುರುಗಳು ಕಪ್ಪಿಟ್ಟು, ಮಾಂಸ ಸಡಿಲಗೊಂಡು, ಬಾಯಲ್ಲಿ ನೊರೆ ಬಂದಿದ್ದರೆ ವಿಷದಿಂದ ಸತ್ತನೆಂದು ತಿಳಿಯಬೇಕು. ದೇಹದೊಳಗಿನಿಂದ ತೆಗೆದುದನ್ನು ಬೆಂಕಿಗೆ ಹಾಕಿ, ಅದು ಚಿಟಚಿಟ ಸದ್ದು ಮಾಡುವುದೋ, ಕಾಮನಬಿಲ್ಲಿನ ಬಣ್ಣ ತೋರುವುದೋ ಎಂದು ನೋಡಬೇಕು. ಇಷ್ಟಾದ ಮೇಲೂ ಮೃತನ ಪರಿಚಾರಕರನ್ನೂ ಬಂಧುಗಳನ್ನೂ ವಿಚಾರಿಸಬೇಕೆಂದು ಕೌಟಿಲ್ಯನು ಹೇಳುವುದನ್ನು ಗಮನಿಸಬೇಕು. ದೇಹದ ಗುರುತು, ಬೆಂಕಿಯ ಪರೀಕ್ಷೆ, ಜನರ ಹೇಳಿಕೆ ಎಂಬ ಮೂರನ್ನೂ ಕೂಡಿಸಿ ನೋಡುವ ವಿವೇಕ ಅಲ್ಲಿ ಮೊಳಕೆಯೊಡೆದಿದೆ. ಈ ಮಹಾಗ್ರಂಥದ ಓಲೆಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದವರು ಕನ್ನಡನಾಡಿನ ಪಂಡಿತ ಆರ್. ಶಾಮಶಾಸ್ತ್ರಿಗಳು.

ಹದಿನಾಲ್ಕನೆಯ ಶತಮಾನದ ನಮ್ಮ ಮಂಗರಾಜ ಕವಿಯು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ರಚಿಸಿ, ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಪದ್ಯಗಳಲ್ಲಿ ವಿವರಿಸಿದನು. ವಿಷವೈದ್ಯಕ್ಕೆಂದೇ ಮೀಸಲಾದ ಇಂಥ ಪ್ರಾಚೀನ ಕಾವ್ಯವೊಂದು ನಮ್ಮ ಭಾಷೆಯಲ್ಲಿದೆಯೆಂಬುದು ಅಭಿಮಾನದ ಸಂಗತಿ. ಆದರೆ ನಾವು ಇಲ್ಲಿ ವಿಚಾರಿಸಲಿರುವ ಆಮ್ಲಗಳ ಕಥೆ ಬೇರೆ. ಅವು ಹಾವಿನ ಹಲ್ಲಿನಲ್ಲಿಯೂ ಇಲ್ಲ, ಗಿಡದ ಬೇರಿನಲ್ಲಿಯೂ ಇಲ್ಲ. ಅವು ಮಾನವನ ಕುಲುಮೆಯಲ್ಲಿ ಹುಟ್ಟಿದಂಥವು.

ಕುಲುಮೆಯಿಂದ ಪೇಟೆಗೆ

ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿ 'ಶಂಖದ್ರಾವ'ವೆಂಬ ಹೆಸರು ಬರುತ್ತದೆ. ಶಂಖವನ್ನೂ ಕರಗಿಸಬಲ್ಲ ದ್ರವವೆಂದು ಇದರ ಅರ್ಥ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಬರೆದಾಗ ಇಂಥ ಉಲ್ಲೇಖಗಳನ್ನು ಆಯ್ದು ಕೂಡಿಸಿದರು. ಅವರ ಆ ಗ್ರಂಥದ ಮೊದಲ ಸಂಪುಟ ಬೆಳಕು ಕಂಡದ್ದು ೧೯೦೨ರಲ್ಲಿ. ಯುರೋಪಿನಲ್ಲಿ ಸುಮಾರು ೧೩೦೦ರ ಹೊತ್ತಿಗೆ, ಗೇಬರ್ ಎಂಬ ಹೆಸರಿನಲ್ಲಿ ಪ್ರಚಲಿತವಾದ ಲ್ಯಾಟಿನ್ ಗ್ರಂಥಗಳಲ್ಲಿ ಪೆಟ್ಲುಪ್ಪು, ಅನ್ನಭೇದಿ ಮೊದಲಾದವುಗಳಿಂದ ಬಟ್ಟಿ ಇಳಿಸಿದ ನೈಟ್ರಿಕಾಮ್ಲದ ವರ್ಣನೆ ಕಾಣಿಸಿಕೊಂಡಿತು. ಬೆಳ್ಳಿಯನ್ನು ಕರಗಿಸಿ ಚಿನ್ನವನ್ನು ಹಾಗೆಯೇ ಉಳಿಸುವ ಈ ದ್ರವ ಅಕ್ಕಸಾಲಿಗನಿಗೆ ಒರೆಗಲ್ಲಿನಷ್ಟೇ ಆಪ್ತವಾಯಿತು. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಗ್ಲೌಬರನು ಅಡಿಗೆಯ ಉಪ್ಪು ಮತ್ತು ಗಂಧಕಾಮ್ಲಗಳಿಂದ ಹೈಡ್ರೋಕ್ಲೋರಿಕಾಮ್ಲವನ್ನು ಪಡೆದನು.

ಅಲ್ಲಿಯವರೆಗೆ ಆಮ್ಲವೆಂದರೆ ಅಂಗೈಯಗಲದ ಗಾಜಿನ ಪಾತ್ರೆಯಲ್ಲಿ ಸಿಗುವ ದುಬಾರಿ ವಸ್ತು. ೧೭೪೬ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ರೋಬಕ್ ಎಂಬ ವೈದ್ಯನು ಗಾಜಿನ ಬದಲು ಸೀಸದ ತಗಡಿನ ಕೋಣೆಗಳನ್ನು ಕಟ್ಟಿ ಗಂಧಕಾಮ್ಲವನ್ನು ತಯಾರಿಸಿದನು. ಬೆಲೆ ಥಟ್ಟನೆ ಕುಸಿಯಿತು. ಬಟ್ಟೆಯನ್ನು ಬಿಳುಪಿಸುವವರು, ಬಣ್ಣ ಹಾಕುವವರು, ಲೋಹದ ಕೆಲಸಗಾರರು ಅದನ್ನು ಕೊಡಗಟ್ಟಲೆ ಕೊಳ್ಳತೊಡಗಿದರು. ೧೭೯೧ರಲ್ಲಿ ಫ್ರಾನ್ಸಿನ ಲೆಬ್ಲಾಂಕನು ಉಪ್ಪಿನಿಂದ ಸೋಡ ತಯಾರಿಸುವ ವಿಧಾನಕ್ಕೆ ಸನ್ನದು ಪಡೆದನು. ಆ ಕಾರ್ಖಾನೆಗಳ ಚಿಮಣಿಗಳಿಂದ ಹೈಡ್ರೋಕ್ಲೋರಿಕಾಮ್ಲದ ಹಬೆ ಹೊರಟು ಸುತ್ತಲ ಹೊಲಗಿಡಗಳು ಒಣಗಿದುದರಿಂದ, ಅದನ್ನು ತಡೆಯಲು ೧೮೬೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಹೀಗೆ ರಸವಾದಿಯ ಗುಹೆಯಲ್ಲಿದ್ದ ವಸ್ತು ನೂರು ವರ್ಷಗಳೊಳಗೆ ಅಂಗಡಿಯ ಕಟ್ಟೆಗೆ ಬಂದಿತು. ಅಂಗಡಿಯಿಂದ ಅದು ಮನೆಯ ಮೂಲೆಗೆ ಬಂದಾಗ ನ್ಯಾಯಾಧೀಶನೂ ವೈದ್ಯನೂ ಅದನ್ನು ಇದಿರಿಸಲೇಬೇಕಾಯಿತು.

ಪ್ಯಾರಿಸಿನಲ್ಲಿ ಶಾಸ್ತ್ರದ ಉದಯ

೧೮೦೨ರಲ್ಲಿ ಪ್ಯಾರಿಸಿನ ಟಾರ್ಟ್ರಾ ಎಂಬ ವೈದ್ಯನು ನೈಟ್ರಿಕಾಮ್ಲದ ವಿಷಬಾಧೆಯೊಂದನ್ನೇ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅನೇಕ ರೋಗಿಗಳ ವೃತ್ತಾಂತಗಳನ್ನು ತಾಳೆನೋಡಿ, ಇದರ ಪರಿಣಾಮ ನಾಲ್ಕು ವಿಧವೆಂದು ಅವನು ವಿಂಗಡಿಸಿದನು. ಕೆಲವರು ಬೇಗನೆ ಸಾಯುತ್ತಾರೆ. ಕೆಲವರು ತತ್ಕಾಲಕ್ಕೆ ಉಳಿದರೂ ಅನ್ನನಾಳ, ಜಠರಗಳು ಕೆಟ್ಟು, ಅನ್ನ ಇಳಿಯದೆ ಸೊರಗಿ ತಿಂಗಳುಗಳ ಮೇಲೆ ಸಾಯುತ್ತಾರೆ. ಕೆಲವರು ಅರೆಬರೆಯಾಗಿ ಗುಣ ಹೊಂದುತ್ತಾರೆ. ಉಳಿದವರು ಪೂರ್ತಿ ಗುಣ ಹೊಂದುತ್ತಾರೆ. ಈ ವಿಂಗಡಣೆಯಲ್ಲಿ ನ್ಯಾಯಶಾಸ್ತ್ರಕ್ಕೆ ಸಂಬಂಧಿಸಿದ ದೊಡ್ಡ ತಥ್ಯವೊಂದಿದೆ. ಎರಡನೆಯ ವರ್ಗದವನು ಸಾಯುವ ವೇಳೆಗೆ ಅವನ ದೇಹದಲ್ಲಿ ಆಮ್ಲದ ಹನಿಯೂ ಉಳಿದಿರುವುದಿಲ್ಲ. ಕೊಂದದ್ದು ಆಮ್ಲವೇ ಆದರೂ ಪರೀಕ್ಷೆಯ ಗಾಜಿನಲ್ಲಿ ಅದು ಸಿಗದು. ಅಲ್ಲಿ ಮಾತಾಡಬೇಕಾದುದು ರೋಗದ ಚರಿತ್ರೆ, ಮುಚ್ಚಿಹೋದ ಅನ್ನನಾಳ, ಮೊದಲ ದಿನ ರೋಗಿಯನ್ನು ಕಂಡ ವೈದ್ಯನ ಟಿಪ್ಪಣಿ.

ಅದೇ ಪ್ಯಾರಿಸಿನಲ್ಲಿ ಹನ್ನೊಂದು ವರ್ಷಗಳ ತರುವಾಯ ಇನ್ನೊಂದು ಪ್ರಸಂಗ ನಡೆಯಿತು. ಸ್ಪೇನ್ ದೇಶಕ್ಕೆ ಸೇರಿದ ಮಿನೋರ್ಕ ದ್ವೀಪದಲ್ಲಿ ೧೭೮೭ರಲ್ಲಿ ಹುಟ್ಟಿ, ಪ್ಯಾರಿಸಿಗೆ ಬಂದು ನೆಲೆಸಿದ ಮತೇಯು ಆರ್ಫಿಲ ಎಂಬ ತರುಣ ಅಧ್ಯಾಪಕನು ೧೮೧೩ರಲ್ಲಿ ವಿದ್ಯಾರ್ಥಿಗಳಿಗೆ ಪಾಷಾಣದ ಪರೀಕ್ಷೆಯನ್ನು ತೋರಿಸುತ್ತಿದ್ದನು. ಶುದ್ಧ ನೀರಿನಲ್ಲಿ ಸರಿಯಾಗಿ ಕಾಣುತ್ತಿದ್ದ ಬಣ್ಣ, ಕಾಫಿಯಲ್ಲಿ ಬೆರೆಸಿದೊಡನೆ ಬೇರೆಯಾಯಿತು. ಪುಸ್ತಕದ ಪರೀಕ್ಷೆಗಳು ಶುದ್ಧ ಪದಾರ್ಥಗಳಿಗೆ ಸರಿ, ಜಠರದಲ್ಲಿರುವ ಅನ್ನ, ರಕ್ತ, ಪಿತ್ತಗಳ ಕಲಸಿಗೆ ಸಲ್ಲವು ಎಂಬುದು ಅವನಿಗೆ ಆಗ ಮನವರಿಕೆಯಾಯಿತು. ಆರ್ಫಿಲನು ಎದೆಗುಂದಲಿಲ್ಲ. ಒಂದೊಂದು ವಿಷವನ್ನೂ ಹೊಸದಾಗಿ ಪರೀಕ್ಷಿಸಿ, ೧೮೧೪-೧೫ರ ಸುಮಾರಿಗೆ ವಿಷಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದನು. ವಿಷಗಳನ್ನು ಆರು ವರ್ಗಗಳಾಗಿ ಹಂಚಿದ ಆ ಗ್ರಂಥದ ಮೊದಲ ವರ್ಗವೇ ದಾಹಕ ವಿಷಗಳು. ಖನಿಜಾಮ್ಲಗಳಿಗೆ ಅಲ್ಲಿ ಸ್ಥಾನ ದೊರೆಯಿತು. ಅವನನ್ನು ವಿಷವಿಜ್ಞಾನದ ಜನಕನೆಂದು ಕರೆಯುವುದು ವಾಡಿಕೆ. ಎಡಿನ್‌ಬರೋ ನಗರದ ರಾಬರ್ಟ್ ಕ್ರಿಸ್ಟಿಸನ್ ೧೮೨೯ರಲ್ಲಿ ಇಂಗ್ಲಿಷಿನಲ್ಲಿ ಇಂಥದೇ ಗ್ರಂಥವನ್ನು ಬರೆದನು. ಲಂಡನ್ನಿನ ಗೈ ಆಸ್ಪತ್ರೆಯ ಆಲ್ಫ್ರೆಡ್ ಸ್ವೇನ್ ಟೇಲರ್ ಆ ಪರಂಪರೆಯನ್ನು ಮುಂದುವರಿಸಿದನು.

ದೇಹದ ಮೇಲಿನ ಬರಹ

ಈ ಆಚಾರ್ಯರು ಕಂಡು ಬರೆದಿಟ್ಟ ಲಕ್ಷಣಗಳು ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿ ಉಳಿದಿವೆ. ಗಂಧಕಾಮ್ಲಕ್ಕೆ ನೀರಿನ ಮೇಲೆ ಅತಿಶಯವಾದ ಹಸಿವು. ಅಂಗಾಂಶದ ನೀರನ್ನು ಹೀರಿ, ಆ ವೇಳೆಗೆ ಬಿಸಿಯನ್ನೂ ಹೊಮ್ಮಿಸಿ, ಸಕ್ಕರೆಯನ್ನು ಇದ್ದಲಾಗಿಸುವಂತೆ ಮಾಂಸವನ್ನು ಕರಿದಾಗಿಸುತ್ತದೆ. ಜಠರದ ಗೋಡೆ ತೂತುಬೀಳುವುದೂ ಇದರಲ್ಲಿಯೇ ಹೆಚ್ಚು. ನೈಟ್ರಿಕಾಮ್ಲ ಚರ್ಮದ ಸಸಾರಜನಕ ವಸ್ತುಗಳೊಡನೆ ಕೂಡಿ ಅಚ್ಚ ಹಳದಿ ಬಣ್ಣವನ್ನು ಉಂಟುಮಾಡುತ್ತದೆ. ತೊಳೆದರೆ ಹೋಗದ ಈ ಹಳದಿಯನ್ನು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು ತಮ್ಮ ಬೆರಳುಗಳಲ್ಲಿಯೇ ಕಂಡಿರುತ್ತಾರೆ. ಅದರ ಹಬೆ ಪುಪ್ಪುಸಗಳನ್ನೂ ಕೆಡಿಸುತ್ತದೆ. ಹೈಡ್ರೋಕ್ಲೋರಿಕಾಮ್ಲ ಮೂರರಲ್ಲಿ ಕಡಮೆ ಉಗ್ರವಾದುದು. ಬೂದಿಬಣ್ಣದ ಕಲೆಯೇ ಅದರ ಗುರುತು.

ಬಾಯ ಕೊನೆಯಿಂದ ಗಲ್ಲಕ್ಕೆ, ಗಲ್ಲದಿಂದ ಕೊರಳಿಗೆ ಹರಿದ ಹನಿಗಳ ಜಾಡು ಪರೀಕ್ಷಕನಿಗೆ ಬಹಳ ಹೇಳುತ್ತದೆ. ಆಗ ಆ ಮನುಷ್ಯ ಕುಳಿತಿದ್ದನೋ ಮಲಗಿದ್ದನೋ ಎಂಬುದನ್ನು ಆ ಜಾಡಿನ ದಿಕ್ಕಿನಿಂದ ಊಹಿಸಬಹುದು. ಬಟ್ಟೆಯೂ ಸಾಕ್ಷಿಯೇ. ಗಂಧಕಾಮ್ಲ ಬಿದ್ದ ಭಾಗ ಗಾಳಿಯ ತೇವವನ್ನು ಎಳೆದುಕೊಂಡು ಬಹುಕಾಲ ಒದ್ದೆಯಾಗಿಯೇ ಇರುತ್ತದೆ. ಬಾಯಿಗೆ ತಾಗಿದೊಡನೆ ಉರಿಯುವ ಈ ದ್ರವವನ್ನು ಎಚ್ಚರವಾಗಿರುವ ಪ್ರಾಯಸ್ಥನಿಗೆ ಅರಿವಿಲ್ಲದಂತೆ ಕುಡಿಸುವುದು ದುಸ್ಸಾಧ್ಯ. ಆದಕಾರಣ ಇಂಥ ಮರಣಗಳಲ್ಲಿ ಕೊಲೆ ವಿರಳವೆಂದೂ, ಬಾಟಲಿ ಅದಲುಬದಲಾದ ಆಕಸ್ಮಿಕಗಳೂ ಮನಸ್ಸು ಕುಗ್ಗಿದವರ ದುಡುಕುಗಳೂ ಹೆಚ್ಚೆಂದೂ ಹಳೆಯ ಗ್ರಂಥಕಾರರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. ಸತ್ತುದು ಶಿಶುವಾಗಿದ್ದರೆ, ಇಲ್ಲವೆ ಪ್ರಜ್ಞೆಯಿಲ್ಲದವನಾಗಿದ್ದರೆ ಮಾತ್ರ ಆ ಊಹೆ ನಿಲ್ಲದು.

ಮೂರು ಎಚ್ಚರಿಕೆಗಳು

ಇಷ್ಟು ಸ್ಪಷ್ಟವಾದ ಬರಹವನ್ನೂ ತಪ್ಪಾಗಿ ಓದಲು ಸಾಧ್ಯವೆಂದು ಇತಿಹಾಸ ಮೂರು ಬಾರಿ ಎಚ್ಚರಿಸಿದೆ.

ಮೊದಲನೆಯ ಎಚ್ಚರಿಕೆ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನದು. ೧೭೭೨ರಲ್ಲಿ ಅವನು ರಾಯಲ್ ಸೊಸೈಟಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. ಆರೋಗ್ಯವಂತರಾಗಿದ್ದು ಪೆಟ್ಟು ತಿಂದು ಹಠಾತ್ತನೆ ಸತ್ತವರ ಜಠರಗಳು ಕರಗಿ ತೂತಾಗಿದ್ದುದನ್ನು ಅವನು ಶವಪರೀಕ್ಷೆಯಲ್ಲಿ ಕಂಡಿದ್ದನು. ಅವರು ಯಾವ ವಿಷವನ್ನೂ ಸೇವಿಸಿರಲಿಲ್ಲ. ಜೀವವಿರುವಾಗ ಜಠರವನ್ನು ಮುಟ್ಟದ ಜೀರ್ಣರಸ, ಜೀವ ಹೋದ ಮೇಲೆ ಆ ಜಠರವನ್ನೇ ಅನ್ನದಂತೆ ಜೀರ್ಣಿಸುತ್ತದೆ ಎಂಬುದು ಅವನ ನಿರ್ಣಯ. ತೂತಾದ ಜಠರವನ್ನು ಕಂಡೊಡನೆ 'ಆಮ್ಲ' ಎಂದು ಕೂಗುವವನಿಗೆ ಇದಕ್ಕಿಂತ ದೊಡ್ಡ ತಡೆ ಬೇರೆ ಬೇಕೆ? ಅಂಚಿನಲ್ಲಿ ಉರಿಯೂತವುಂಟೇ, ಬಾಯಿ ಗಂಟಲುಗಳಲ್ಲಿಯೂ ಸುಟ್ಟ ಗುರುತುಂಟೇ ಎಂದು ನೋಡಿದ ಮೇಲೆಯೇ ಮಾತಾಡಬೇಕು.

ಎರಡನೆಯದು ವಿಲಿಯಂ ಪ್ರೌಟನದು. ೧೮೨೪ರಲ್ಲಿ ಪ್ರಕಟವಾದ ಅವನ ಸಂಶೋಧನೆಯಂತೆ, ಪ್ರಾಣಿಗಳ ಜಠರರಸದಲ್ಲಿರುವ ಆಮ್ಲ ಹೈಡ್ರೋಕ್ಲೋರಿಕಾಮ್ಲವೇ. ನಾವು ನೀವೆಲ್ಲ ಉಂಡ ಅನ್ನ ಜೀರ್ಣವಾಗುವುದು ಅದರ ನೆರವಿನಿಂದಲೇ. ಅಂದ ಮೇಲೆ ಸತ್ತವನ ಜಠರದಲ್ಲಿ ಹೈಡ್ರೋಕ್ಲೋರಿಕಾಮ್ಲ ಸಿಕ್ಕಿತೆಂಬ ಒಂದೇ ಮಾತಿನಿಂದ ಏನೂ ಸಿದ್ಧವಾಗದು. ಪ್ರಕೃತಿ ಇಟ್ಟದ್ದೆಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂದು ತೂಗಿ ಹೇಳಬೇಕು, ಸುಟ್ಟ ಗುರುತುಗಳೂ ಅದಕ್ಕೆ ಹೊಂದಬೇಕು.

ಮೂರನೆಯದು ಕ್ರಿಸ್ಟಿಸನ್ ಮತ್ತು ಟೇಲರರು ಒತ್ತಿ ಹೇಳಿದ ನಿಯಮ. ಗಂಧಕಾಮ್ಲವಿರುವ ದ್ರವಕ್ಕೆ ಬೇರಿಯಂ ಕ್ಲೋರೈಡನ್ನು ಹಾಕಿದರೆ ಬಿಳಿಯ ಗಸಿ ತಳಕ್ಕಿಳಿಯುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಈ ಪರೀಕ್ಷೆಯನ್ನು ಬಲ್ಲರು. ಆದರೆ ಭೇದಿಗೆಂದು ಕೊಟ್ಟ ಎಪ್ಸಮ್ ಉಪ್ಪೂ ಅದೇ ಗಸಿಯನ್ನು ಕೊಡುತ್ತದೆ. ಪಟಿಕವೂ ಕೊಡುತ್ತದೆ. ಗಸಿ ತೋರಿಸುವುದು ಸಲ್ಫೇಟನ್ನು, ಬಿಡಿಯಾದ ಆಮ್ಲವನ್ನಲ್ಲ. ಉಪ್ಪಿನಲ್ಲಿ ಬಂಧಿತವಾದ ಆಮ್ಲ ಯಾರನ್ನೂ ಸುಡುವುದಿಲ್ಲ, ಬಿಡಿಯಾಗಿರುವುದು ಮಾತ್ರ ಸುಡುತ್ತದೆ. ಆದ್ದರಿಂದ ಮೊದಲು ಲಿಟ್ಮಸ್ ಕಾಗದ ಕೆಂಪಾಗುವುದೇ ಎಂದು ನೋಡಿ, ಬಿಡಿ ಆಮ್ಲ ಆಲ್ಕೊಹಾಲಿನಲ್ಲಿ ಕರಗುವ ಗುಣವನ್ನು ಬಳಸಿ ಅದನ್ನು ಉಪ್ಪುಗಳಿಂದ ಬೇರ್ಪಡಿಸಿ, ಅನಂತರ ಗಸಿಯ ಪರೀಕ್ಷೆಗೆ ಇಳಿಯಬೇಕು.

ಬೆಲ್ಜಿಯಂ ದೇಶದ ಒಂದು ಮೊಕದ್ದಮೆ

ಈ ಎಚ್ಚರಿಕೆಗಳ ಬೆಲೆಯೇನೆಂಬುದನ್ನು ೧೮೫೦ರಲ್ಲಿ ನಡೆದ ಒಂದು ಘಟನೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಬೆಲ್ಜಿಯಂ ದೇಶದ ಬಿತ್ರೆಮೊಂ ಎಂಬ ಕೋಟೆಮನೆಯಲ್ಲಿ ಬೊಕಾರ್ಮೆ ಎಂಬ ಸಾಲಗಾರ ಶ್ರೀಮಂತನಿದ್ದನು. ಅವನ ಹೆಂಡತಿಯ ತಮ್ಮ ಗುಸ್ತಾವ್ ಒಂದು ಕಾಲನ್ನು ಕಳೆದುಕೊಂಡಿದ್ದ ದುರ್ಬಲ ಯುವಕ. ಅವನು ಅವಿವಾಹಿತನಾಗಿ ಸತ್ತರೆ ಆಸ್ತಿ ಅಕ್ಕನಿಗೆ ಬರಬೇಕು. ಆದರೆ ಅವನು ಮದುವೆಯಾಗಲು ಹೊರಟನು. ನವೆಂಬರ್ ೨೦ರಂದು ಅಕ್ಕನ ಮನೆಗೆ ಊಟಕ್ಕೆ ಬಂದವನು ಅಲ್ಲಿಯೇ ನೆಲದ ಮೇಲೆ ಬಿದ್ದು ಸತ್ತನು.

ಶವವನ್ನು ಪರೀಕ್ಷಿಸಿದ ವೈದ್ಯರಿಗೆ ಬಾಯಿ, ನಾಲಗೆ, ಗಂಟಲುಗಳಲ್ಲಿ ಸುಟ್ಟ ಗುರುತುಗಳು ಕಂಡವು. ದಾಹಕ ದ್ರವ, ಬಹುಶಃ ಗಂಧಕಾಮ್ಲ, ಎಂಬುದು ಅವರ ಅಭಿಪ್ರಾಯವಾಯಿತು. ಕಣ್ಣಿಗೆ ಕಂಡ ಮಟ್ಟಿಗೆ ಅವರ ಮಾತು ಅಸಂಗತವಾಗಿರಲಿಲ್ಲ. ವಿಚಾರಣೆ ನಡೆಸುತ್ತಿದ್ದ ನ್ಯಾಯಾಧಿಕಾರಿ ಅಷ್ಟಕ್ಕೇ ತೃಪ್ತನಾಗದೆ ಜಠರಾದಿಗಳನ್ನು ಬ್ರಸೆಲ್ಸ್ ನಗರದ ಸೈನಿಕ ವಿದ್ಯಾಲಯದ ರಸಾಯನಶಾಸ್ತ್ರಜ್ಞ ಜಾನ್ ಸರ್ವೇ ಸ್ಟಾಸನಲ್ಲಿಗೆ ಒಯ್ದನು. ಸ್ಟಾಸನಿಗೆ ಮೊದಲು ತಟ್ಟಿದ್ದು ವಿನೆಗರಿನ ವಾಸನೆ. ಶವಕ್ಕೆ ವಿನೆಗರನ್ನು ಸುರಿದಿದ್ದರೆಂಬ ಸಂಗತಿ ವಿಚಾರಣೆಯಿಂದ ಹೊರಬಿತ್ತು. ಏನನ್ನೋ ಮುಚ್ಚಲು ಈ ವಿನೆಗರ್ ಬಂದಿದೆಯೆಂದು ಅವನು ಶಂಕಿಸಿದನು. ವಾರಗಳ ಕಾಲ ಆಲ್ಕೊಹಾಲು, ಕ್ಷಾರ, ಈಥರುಗಳಿಂದ ಮತ್ತೆ ಮತ್ತೆ ಸೋಸಿ ಬೇರ್ಪಡಿಸಿದಾಗ ಕೊನೆಗೆ ಉಳಿದ ಎಣ್ಣೆಯಂಥ ಹನಿಯಿಂದ ತಂಬಾಕಿನ ಘಾಟು ಹೊಮ್ಮಿತು. ಅದು ನಿಕೊಟಿನ್! ಸುಟ್ಟ ಗುರುತುಗಳ ಹಿಂದೆ ಇದ್ದುದು ಗಂಧಕಾಮ್ಲವಲ್ಲ, ತಂಬಾಕಿನ ಎಲೆಯ ಸಾರ.

ಬೊಕಾರ್ಮೆ ಹುಸಿ ಹೆಸರು ಹೇಳಿಕೊಂಡು ರಸಾಯನಶಾಸ್ತ್ರದ ಅಧ್ಯಾಪಕನೊಬ್ಬನಿಂದ ನಿಕೊಟಿನ್ ತೆಗೆಯುವುದನ್ನು ಕಲಿತಿದ್ದನೆಂದೂ, ಪ್ರಾಣಿಗಳ ಮೇಲೆ ಅದನ್ನು ಪ್ರಯೋಗಿಸಿದ್ದನೆಂದೂ ಬಯಲಾಯಿತು. ೧೮೫೧ರ ಜುಲೈ ೧೯ರಂದು ಮೊನ್ಸ್ ನಗರದಲ್ಲಿ ಅವನ ಶಿರಚ್ಛೇದವಾಯಿತು. ಹೆಂಡತಿಯನ್ನು ನ್ಯಾಯಾಲಯ ಬಿಡುಗಡೆ ಮಾಡಿತು. ಇಲ್ಲಿ ಒಂದು ಚೋದ್ಯವಿದೆ. ಗುರುತನ್ನು ಅಳಿಸಲೆಂದು ಸುರಿದ ವಿನೆಗರಿನ ಆಮ್ಲಾಂಶ ನಿಕೊಟಿನನ್ನು ಉಪ್ಪಾಗಿ ಕಟ್ಟಿ ಹಿಡಿಯಬಲ್ಲುದು. ಮುಚ್ಚಲು ಬಂದುದೇ ಕಾಪಾಡಿ ಕೊಟ್ಟಿತೆನ್ನಬೇಕು. ಸ್ಟಾಸನ ವಿಧಾನವನ್ನು ಮುಂದೆ ಜರ್ಮನಿಯ ಒಟ್ಟೋ ತಿದ್ದಿ ಬೆಳೆಸಿದನು. ಅವರಿಬ್ಬರ ಹೆಸರಿನಲ್ಲಿಯೇ ಅದು ಇಂದಿಗೂ ವಿಷವಿಜ್ಞಾನದ ಪಾಠಗಳಲ್ಲಿ ಬರುತ್ತದೆ. 'ಗಂಧಕಾಮ್ಲ' ಎಂಬ ಮೊದಲ ಮಾತನ್ನೇ ಕೊನೆಯ ಮಾತಾಗಿ ಆ ಅಧಿಕಾರಿ ಸ್ವೀಕರಿಸಿದ್ದರೆ ನಿಜ ನೆಲದಡಿಯಲ್ಲಿಯೇ ಉಳಿಯುತ್ತಿತ್ತು.

ಭಾರತದಲ್ಲಿ ರಾಸಾಯನಿಕ ಪರೀಕ್ಷಕರು

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆಂದು ಮೊದಲ ಪ್ರಯೋಗಾಲಯ ಏರ್ಪಟ್ಟುದು ೧೮೪೯ರಲ್ಲಿ, ಮದ್ರಾಸಿನಲ್ಲಿ. ಅನಂತರ ೧೮೫೩ರಲ್ಲಿ ಕಲ್ಕತ್ತೆ, ೧೮೬೪ರಲ್ಲಿ ಆಗ್ರಾ, ೧೮೭೦ರಲ್ಲಿ ಮುಂಬಯಿ, ಹೀಗೆ ಒಂದೊಂದಾಗಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯಗಳು ತೆರೆದವು. ನಮ್ಮ ಕಾಸರಗೋಡು ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸಿನ ಆಡಳಿತಕ್ಕೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಕೇರಳದಲ್ಲಿ ಆ ಹಳೆಯ ಹೆಸರೇ ಉಳಿದು ಬಂದಿದೆ. ಇಲ್ಲಿಯ ಸರಕಾರಿ ವಿಷಪರೀಕ್ಷಾಲಯಕ್ಕೆ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯವೆಂದೇ ಹೆಸರು. ಬಂಗಾಳದಲ್ಲಿ ನಾರ್ಮನ್ ಚೀವರ್ಸ್ ೧೮೫೬ರಲ್ಲಿ ಬರೆದ ಕೈಪಿಡಿಯೂ, ಜೈಸಿಂಗ್ ಮೋದಿಯವರ ಪಠ್ಯವೂ ಭಾರತದ ವೈದ್ಯರಿಗೆ ದಾರಿದೀಪಗಳಾದವು.

ಇಲ್ಲಿಯ ಪರಿಪಾಠದಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಶವಪರೀಕ್ಷೆಯಲ್ಲಿ ತೆಗೆದ ಜಠರಾದಿ ಅಂಗಗಳು ದೂರದ ಪ್ರಯೋಗಾಲಯವನ್ನು ಸೇರುವ ಮುನ್ನ ಕೊಳೆಯದಂತೆ, ಅವನ್ನು ಸಾಮಾನ್ಯವಾಗಿ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡುತ್ತಾರೆ. ಆಮ್ಲದ ಸಂಶಯವಿದ್ದಾಗ ಮಾತ್ರ ಉಪ್ಪನ್ನು ಬಿಟ್ಟು ಶುದ್ಧ ಸ್ಪಿರಿಟನ್ನು ಬಳಸುತ್ತಾರೆ. ಉಪ್ಪೆಂಬುದು ಸ್ವತಃ ಕ್ಲೋರೈಡ್. ಅದನ್ನು ಸುರಿದ ಮೇಲೆ ಹೈಡ್ರೋಕ್ಲೋರಿಕಾಮ್ಲದ ಕ್ಲೋರೈಡ್ ಯಾವುದು, ನಾವೇ ಹಾಕಿದ ಕ್ಲೋರೈಡ್ ಯಾವುದು ಎಂದು ವಿಂಗಡಿಸುವವರಾರು? ಸ್ಪಿರಿಟಿನ ಮಾದರಿಯನ್ನೂ ಬೇರೆ ಸೀಸೆಯಲ್ಲಿ ಮೊಹರು ಮಾಡಿ ಜೊತೆಗೆ ಕಳುಹಿಸುತ್ತಾರೆ. ಶುದ್ಧವೆಂದು ನಂಬಿದ್ದನ್ನೂ ಪರೀಕ್ಷೆಗೆ ಒಡ್ಡುವುದೇ ಈ ಶಾಸ್ತ್ರದ ಶೀಲ. ನ್ಯಾಯವೆಂಬುದು ದೊಡ್ಡ ತೀರ್ಪುಗಳಲ್ಲಿ ಮಾತ್ರವಲ್ಲದೆ ಇಂಥ ಸೀಸೆಗಳ ಮುಚ್ಚಳಗಳಲ್ಲಿಯೂ ನೆಲೆಸಿದೆ.

ಬದುಕಿ ಉಳಿದವರ ಸಾಕ್ಷ್ಯ

ಇಲ್ಲಿಯವರೆಗೆ ಸತ್ತವರ ಸಂಗತಿಯಾಯಿತು. ಆಮ್ಲಕ್ಕೆ ಇನ್ನೊಂದು ಕ್ರೂರ ಬಳಕೆಯುಂಟು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಗಿರಣಿಗಳ ಜಗಳಗಳಲ್ಲಿ ಎದುರಾಳಿಯ ಮುಖಕ್ಕೆ ಗಂಧಕಾಮ್ಲ ಎರಚುವ ದುಷ್ಟ ರೂಢಿ ಹುಟ್ಟಿತು. ಅದನ್ನು ಹತ್ತಿಕ್ಕಲು ಪಾರ್ಲಿಮೆಂಟು ೧೮೨೦ರ ದಶಕದಲ್ಲಿ ಸ್ಕಾಟ್ಲೆಂಡಿಗಾಗಿ ಮರಣದಂಡನೆಯವರೆಗಿನ ಕಠಿಣ ಶಾಸನಗಳನ್ನು ಮಾಡಿತು. ೧೮೬೦ರ ಭಾರತೀಯ ದಂಡಸಂಹಿತೆಯೂ ದಾಹಕ ವಸ್ತುವಿನಿಂದ ಘಾಯಗ��ಳಿಸುವುದನ್ನು ಹೆಸರಿಸಿತು. ಆದರೂ ಮುಖ ಸುಟ್ಟ ಹೆಣ್ಣುಮಕ್ಕಳ ಅಳಲಿಗೆ ತಕ್ಕ ಪ್ರತ್ಯೇಕ ಕಲಮು ಬರಲು ನೂರೈವತ್ತು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು. ೨೦೧೩ರ ತಿದ್ದುಪಡಿಯಿಂದ ಸೇರಿದ ೩೨೬-ಎ ಕಲಮು ಇಂಥ ಕೃತ್ಯಕ್ಕೆ ಕನಿಷ್ಠ ೧೦ ವರ್ಷಗಳಿಂದ ಹಿಡಿದು ಆಜೀವ ಸೆರೆವಾಸದವರೆಗೆ ಶಿಕ್ಷೆಯನ್ನು ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೧೨೪ನೆಯ ಕಲಮಾಗಿದೆ.

ಆಮ್ಲದಾಳಿಗೆ ತುತ್ತಾದ ಯುವತಿಯೊಬ್ಬಳು ೨೦೦೬ರಲ್ಲಿ ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ೨೦೧೩ರ ಜುಲೈ ೧೮ರಂದು ಮಹತ್ತ್ವದ ಆಜ್ಞೆಯನ್ನು ನೀಡಿತು. ಅಂಗಡಿಯವನು ಆಮ್ಲ ಕೊಂಡವರ ಹೆಸರು ವಿಳಾಸಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಭಾವಚಿತ್ರವಿರುವ ಗುರುತುಪತ್ರವನ್ನು ನೋಡಬೇಕು, ೧೮ ವರ್ಷ ತುಂಬದವರಿಗೆ ಮಾರಕೂಡದು. ಬಾಧಿತರಿಗೆ ಸರಕಾರ ಕನಿಷ್ಠ ೩ ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ರೋಬಕನ ಸೀಸದ ಕೋಣೆಯಿಂದ ಅಗ್ಗವಾಗಿ ಹೊರಬಿದ್ದ ದ್ರವಕ್ಕೆ ನಮ್ಮ ದೇಶದ ಅಂಗಡಿಕಟ್ಟೆಯಲ್ಲಿ ಹೀಗೆ ಒಂದು ಬೇಲಿ ಬಿದ್ದಿತು. ಬೇಲಿ ಗಟ್ಟಿಯಾಗಿ ನಿಲ್ಲುವುದು ಅದನ್ನು ಕಾಯುವವರ ಎಚ್ಚರದಿಂದ.

ನಮ್ಮ ಕರ್ತವ್ಯ

ಇತಿಹಾಸವನ್ನು ಓದಿ ಬದಿಗಿಡುವುದರಿಂದ ಪ್ರಯೋಜನವಿಲ್ಲ. ಚಿಕಿತ್ಸೆಯ ವಿಚಾರವೂ ಕಾಲಕಾಲಕ್ಕೆ ಬದಲಾಗಿದೆ. ಹಿಂದೆ ಆಮ್ಲ ಕುಡಿದವರಿಗೆ ಸುಣ್ಣದ ಪುಡಿ, ಮೆಗ್ನೀಷಿಯ, ಸೋಡಗಳನ್ನು ಕೊಡುತ್ತಿದ್ದರು. ಸೋಡ ಆಮ್ಲದೊಡನೆ ಕೂಡಿದಾಗ ಹುಟ್ಟುವ ಅನಿಲವೂ ಬಿಸಿಯೂ ಸುಟ್ಟ ಜಠರವನ್ನು ಒಡೆಯಬಹುದೆಂದು ಅರಿತ ಇಂದಿನ ವೈದ್ಯರು ಅದನ್ನು ನಿಷೇಧಿಸುತ್ತಾರೆ. ವಾಂತಿ ಮಾಡಿಸುವುದೂ ಸಲ್ಲದು. ಒಮ್ಮೆ ಸುಟ್ಟ ಗಂಟಲನ್ನು ಅದು ಮತ್ತೊಮ್ಮೆ ಸುಡುತ್ತದೆ. ಒಡನೆಯೇ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಮೈಮೇಲೆ ಅಥವಾ ಕಣ್ಣಿಗೆ ಬಿದ್ದರೆ ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯುತ್ತ, ಆಮ್ಲ ತಾಗಿದ ಬಟ್ಟೆಯನ್ನು ತೆಗೆದುಹಾಕಬೇಕು.

ಕಾಸರಗೋಡಿನ ಮಲೆಗಳಲ್ಲಿ ರಬ್ಬರು ಬೆಳೆಯುವ ಮನೆಗಳಲ್ಲೆಲ್ಲ ಹಾಲನ್ನು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲವನ್ನು ಇಟ್ಟುಕೊಳ್ಳುವ ರೂಢಿಯಿದೆ. ಅದು ಖನಿಜಾಮ್ಲವಲ್ಲ, ಇರುವೆಯ ಕಡಿತದಲ್ಲಿರುವ ಆಮ್ಲವೇ. ಆದರೆ ಗಟ್ಟಿಯಾಗಿರುವಾಗ ಅದು ಸುಡುವ ಬಗೆ ಖನಿಜಾಮ್ಲಗಳದೇ. ಶರಬತ್ತಿನ ಹಳೆಯ ಬಾಟಲಿಯಲ್ಲಿ ಅದನ್ನು ತುಂಬಿಟ್ಟ ಮನೆಯಲ್ಲಿ ಬಾಯಾರಿ ಬಂದ ಮಗುವಿಗೆ ಬಾಟಲಿಯ ಆಕಾರವೇ ಮೋಸ ಮಾಡುತ್ತದೆ. ಮೋಟಾರು ಬ್ಯಾಟರಿಯ ಆಮ್ಲ, ಶೌಚಗೃಹ ತೊಳೆಯುವ ಆಮ್ಲ, ಅಕ್ಕಸಾಲಿಗನ ಆಮ್ಲ, ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಹೆಸರು ಬರೆದ, ಬೀಗ ಹಾಕಿದ, ಮಕ್ಕಳ ಕೈಗೆಟುಕದ ತಾಣವೇ ಅವುಗಳಿಗೆ ತಕ್ಕುದು. ಶಿಕ್ಷಕ ಬಂಧುಗಳು ಇದನ್ನು ವಿಜ್ಞಾನದ ಪಾಠದ ದಿನ ಒಮ್ಮೆ ಹೇಳಿದರೂ ಆ ಮಾತು ಮಕ್ಕಳೊಡನೆ ಮನೆಮನೆಗೂ ಹೋಗುತ್ತದೆ.

ಅದೇ ಪಾಠದಲ್ಲಿ ಹಂಟರ್, ಪ್ರೌಟ್, ಸ್ಟಾಸ್ ಎಂಬ ಮೂವರ ಹೆಸರನ್ನೂ ಸೇರಿಸಬಹುದು. ಸುಲಭವಾಗಿ ಸಿಕ್ಕ ಉತ್ತರವನ್ನು ಆ ಮೂವರೂ ಇನ್ನೊಮ್ಮೆ ಪ್ರಶ್ನಿಸಿದರು. ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಬಿಳಿಯ ಗಸಿ ಇಳಿದೊಡನೆ 'ಗಂಧಕಾಮ್ಲ' ಎಂದು ಬರೆದುಬಿಡುವ ಹುಡುಗನಿಗೆ, ಅದು ಬಿಡಿಯೋ ಬಂಧಿತವೋ ಎಂದು ಕೇಳುವುದನ್ನು ಕಲಿಸಿದರೆ, ಅವನು ನಾಳೆ ವೈದ್ಯನಾಗಲಿ, ನ್ಯಾಯವಾದಿಯಾಗಲಿ, ನೆರೆಹೊರೆಯ ಸಾಮಾನ್ಯ ಸಾಕ್ಷಿಯಾಗಲಿ, ಒಬ್ಬ ಮನುಷ್ಯನ ಪ್ರಾಣವನ್ನೋ ಮಾನವನ್ನೋ ಉಳಿಸಿಯಾನು.